ಗೇಟಿನ ಎರಡೂ ಕಡೆಯ ರಾಹುಕಾಲ

ಸೋಮವಾರ ಬೆಳಗ್ಗೆ ಎಂಟು ಇಪ್ಪತ್ತೈದಕ್ಕೆ ನಾನು ಭಾರತದಿಂದ ಹೊರಟೆ. ನಾಲ್ಕೇ ನಿಮಿಷ ನಡೆದು ಭೂತಾನ್ ತಲುಪಿದಾಗ ಅಲ್ಲಿನ ಗೋಡೆ ಗಡಿಯಾರದಲ್ಲಿ ಒಂಬತ್ತಾಗಲು ಒಂದು ನಿಮಿಷ ಬಾಕಿ ಇತ್ತು.

ಕಂಪನಿಯ ವ್ಯಾನು ಎಂಟು ಮುಕ್ಕಾಲಿಗೆ ಬರುತ್ತದೆ ಎಂದಿದ್ದರು. ಮೊದಲ ದಿನವೇ ಕಾಲು ಗಂಟೆ ಮುಂಚೆ ಬಂದೆ ಎಂಬ ಹೆಮ್ಮೆಯಲ್ಲಿ ನಾನು ಟಿಫನ್ ಚೀಲ ಹಿಡಿದು ರಸ್ತೆ ಬದಿ ನಿಂತಿದ್ದೆ. ವ್ಯಾನು ಹೋಗಿ ಆಗಲೇ ಕಾಲು ಗಂಟೆಯಾಗಿತ್ತು. ಭೂತಾನಿನ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದೆ ಓಡುತ್ತದೆ ಎಂದು ನಾನು ಎಲ್ಲೋ ಓದಿದ್ದೆ, ಡೈರಿಯಲ್ಲಿ ಬರೆದುಕೊಂಡೂ ಇದ್ದೆ. ಆದರೆ ನಾಲ್ಕು ನಿಮಿಷ ನಡೆದರೆ ಅರ್ಧ ಗಂಟೆ ಕಳೆದುಹೋಗುತ್ತದೆ ಎಂದು ಕಾಲಿಗೆ ಗೊತ್ತಿರಲಿಲ್ಲ. ಅಂದು ರಾತ್ರಿ ಡೈರಿಯಲ್ಲಿ ಬರೆದದ್ದು ಇಷ್ಟೇ: ‘ಮೊದಲ ದಿನ. ಲೇಟು. ಕಾರಣ: ದೇಶ.’

ನಾನಿರುವುದು ಜೈಗಾಂವ್‌ನಲ್ಲಿ. ಪಶ್ಚಿಮ ಬಂಗಾಳದ ಕಟ್ಟಕಡೆಯ ಪಟ್ಟಣ ಅದು. ನಂಜನಗೂಡಿನ ಬಜಾರು ರಸ್ತೆಯನ್ನು ಇನ್ನಷ್ಟು ಕಿರಿದು ಮಾಡಿ, ಅದರಲ್ಲಿ ಮೂರು ಪಟ್ಟು ಲಾರಿ ತುಂಬಿ, ಎಲ್ಲರ ಕೈಗೂ ಒಂದೊಂದು ಹಾರ್ನು ಕೊಟ್ಟರೆ ಹೇಗಿರುತ್ತದೋ ಹಾಗೆ. ಆ ರಸ್ತೆಯ ಕೊನೆಗೆ ಬಣ್ಣ ಬಣ್ಣದ ಚಿತ್ತಾರದ ದೊಡ್ಡ ಗೇಟು. ಅದರಾಚೆ ಫುಂಟ್‌ಶೋಲಿಂಗ್, ಭೂತಾನಿನ ಮೊದಲ ಊರು. ನಡೆದು ಹೋಗುವವರಿಗೆ ಪಕ್ಕದಲ್ಲಿ ಬೇರೆ ದಾರಿ ಇದೆ. ಚೀಲ ಪರೀಕ್ಷೆ ಮಾಡಿಸಿ, ಪಾಸು ತೋರಿಸಿ ಆ ಕಡೆ ಕಾಲಿಟ್ಟರೆ ಯಾರೋ ಸದ್ದಿನ ಗುಂಡಿ ಒತ್ತಿ ನಿಲ್ಲಿಸಿದಂತೆ ಆಗುತ್ತದೆ. ಹಾರ್ನಿಲ್ಲ. ರಸ್ತೆ ದಾಟಲು ನಿಂತರೆ ಕಾರು ತಾನೇ ನಿಲ್ಲುತ್ತದೆ. ಮೊದಲ ವಾರ ಕಾರು ನಿಂತಾಗಲೆಲ್ಲ ನಾನೂ ನಿಂತೇ ಇದ್ದೆ, ಡ್ರೈವರಿಗೆ ಏನೋ ವಿಳಾಸ ಕೇಳಬೇಕಾಗಿದೆ ಎಂದುಕೊಂಡು.

ನನ್ನೂರು ನರಸೀಪುರದ ಹತ್ತಿರದ ಸೋಸಲೆ. ಅಪ್ಪ ಅವ್ವನಿಗೆ ಒಂದಿಷ್ಟು ಗದ್ದೆ, ನಾಲ್ಕು ಸೀಮೆ ಹಸು. ಬಿ.ಎಸ್ಸಿ. ಮುಗಿಸಿ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ತಿನಿಸಿನ ಕಾರ್ಖಾನೆಯ ಲ್ಯಾಬಿಗೆ ಸೇರಿದ್ದೆ. ಹಣ್ಣಿನ ತಿರುಳಿನಲ್ಲಿ ಸಕ್ಕರೆ ಎಷ್ಟು, ಹುಳಿ ಎಷ್ಟು ಎಂದು ನೋಡಿ, ತಾರೀಖು ಹಾಕಿ, ಬರೆದಿಡುವ ಕೆಲಸ. ಆ ಚಾಳಿ ಮನೆಗೂ ಅಂಟಿಕೊಂಡಿತು. ಕರು ಹಾಕಿದ ದಿನ, ಮೊದಲ ಮಳೆ, ಅವ್ವ ನನ್ನ ಜೊತೆ ಮಾತು ಬಿಟ್ಟ ದಿನ, ಎಲ್ಲಕ್ಕೂ ಡೈರಿಯಲ್ಲಿ ಜಾಗವಿದೆ.

ನಂಜನಗೂಡಿನಲ್ಲಿ ನನ್ನ ವರದಿಗೆ ನನ್ನ ಮೇಲೆ ಇನ್ನೂ ಮೂವರು ಸೈನ್ ಹಾಕುತ್ತಿದ್ದರು. ಭೂತಾನಿನ ಈ ಹಣ್ಣಿನ ರಸದ ಕಾರ್ಖಾನೆಯವರು ಫೋನಿನಲ್ಲಿ ಹೇಳಿದ್ದು ಬೇರೆ ಮಾತು: ಒಂದು ಖಾಲಿ ಕೋಣೆ ಇದೆ, ಅದನ್ನು ಲ್ಯಾಬು ಮಾಡಿಕೊಡಿ. ಖಾಲಿ ಕೋಣೆ ಎಂದ ಕೂಡಲೇ ನನ್ನ ನಿದ್ದೆ ಹಾರಿಹೋಯಿತು. ಯಾವ ಗೋಡೆಗೆ ಬೇಸಿನ್ನು, ಯಾವ ಕಿಟಕಿಗೆ ಮೇಜು ಎಂದು ಮಲಗಿದಲ್ಲೇ ಜೋಡಿಸುತ್ತಿದ್ದೆ. ಅವ್ವ ಒಪ್ಪಿದ್ದು ಒಂದು ಷರತ್ತಿನ ಮೇಲೆ. “ಮೂರು ತಿಂಗ್ಳು ನೋಡು. ಆಗ್ದೆ ಇದ್ರೆ ಬಾ. ಆಯ್ತದೆ ಅನ್ಸುದ್ರೂವೆ ಬಾ.”

ಅವಳು ಹೀಗೆಂದಾಗ ನಾನು ನಕ್ಕಿದ್ದೆ. ಅವಳು ನಕ್ಕಿರಲಿಲ್ಲ. ಬಸ್ಸು ಹತ್ತುವಾಗ ಇನ್ನೊಂದು ಮಾತು ಸೇರಿಸಿದಳು: ಅಲ್ಲಿ ಹೊಸದಾಗಿ ಏನನ್ನೂ ಶುರು ಮಾಡಬೇಡ. ಹೊಸ ಒಲೆ ಬೇಡ, ಹೊಸ ಮಂಚ ಬೇಡ. ನಾಲ್ಕು ದಿನದ ನೆಂಟರ ಹಾಗೆ ಇದ್ದು ಎದ್ದು ಬಾ.

ನೆಂಟರ ಹಾಗೆ ಇರುವುದು ಹದಿನೈದು ದಿನವೂ ಸಾಧ್ಯವಾಗಲಿಲ್ಲ. ಮನೆಯ ಒಡತಿ ನೇಪಾಳಿ ಮಾತಾಡುವ ವಯಸ್ಸಾದ ಹೆಂಗಸು. ಎಲ್ಲರೂ ಆಕೆಯನ್ನು ದೀದಿ ಎನ್ನುತ್ತಾರೆ. ಮೂರನೇ ಮಹಡಿಯಲ್ಲಿ ನನಗೊಂದು ಕೋಣೆ ಕೊಟ್ಟಿದ್ದಾಳೆ. ಕೋಣೆ ಭಾರತದ್ದು, ಕಿಟಕಿಯಲ್ಲಿ ಕಾಣುವ ಗುಡ್ಡ ಭೂತಾನಿನದು. ರಾಗಿ ಹಿಟ್ಟಿಗಾಗಿ ಅಂಗಡಿ ಅಂಗಡಿ ಅಲೆದು, ಕೈಯಲ್ಲಿ ಕಾಳಿನ ಗಾತ್ರ ತೋರಿಸಿ ಸೋತು ಬಂದಾಗ ದೀದಿ ಒಳಗಿನಿಂದ ಒಂದು ಡಬ್ಬಿ ತಂದು ಮುಚ್ಚಳ ತೆಗೆದಳು. ನಮ್ಮದೇ ರಾಗಿ. ಇಲ್ಲಿ ಅದರ ಹೆಸರು ಕೋದೊ. ಅವರು ಅದರಿಂದ ಹೆಚ್ಚಾಗಿ ಮಾಡುವುದು ಬೆಚ್ಚಗಿನ ಮದ್ಯ. ನಾನು ಮುದ್ದೆ ತಿರುವುತ್ತ ಕೂತಾಗ ದೀದಿ ಪಕ್ಕದಲ್ಲಿ ನಿಂತು, ಇಷ್ಟು ಒಳ್ಳೆ ಸಾಮಾನನ್ನು ಹೀಗೆ ಹಾಳು ಮಾಡುವುದೇ ಎಂಬಂತೆ ನೋಡುತ್ತಿದ್ದಳು. ಡೈರಿ: ‘ಮುದ್ದೆ ಒಂದು. ಗಂಟು ಎರಡು. ಕಣ್ಣೀರು ಸ್ವಲ್ಪ, ಹೊಗೆಯಿಂದ ಅಲ್ಲ.’

ಲ್ಯಾಬಿನಲ್ಲಿ ನನ್ನ ಜೊತೆಗಾತಿ ಪೇಮಾ, ಫುಂಟ್‌ಶೋಲಿಂಗ್‌ನವಳು, ನನ್ನದೇ ವಯಸ್ಸು. ಆಕೆ ನಾಲ್ಕು ಭಾಷೆ ಮಾತಾಡುತ್ತಾಳೆ. ನನ್ನ ಹಿಂದಿ ಕೇಳಿದ ಮೇಲೆ ಇಂಗ್ಲಿಷನ್ನೇ ಆರಿಸಿಕೊಂಡಳು. ಆಕೆಯ ಬುತ್ತಿಯಲ್ಲಿ ಕೆಂಪಕ್ಕಿ ಅನ್ನ, ಜೊತೆಗೆ ಎಮಾ ದಾತ್ಸಿ. ಅಂದರೆ ಹಸಿಮೆಣಸಿನಕಾಯಿ ಮತ್ತು ಚೀಸಿನ ಪಲ್ಯ. ಮೆಣಸಿನಕಾಯಿ ಒಗ್ಗರಣೆಗಲ್ಲ, ಅದೇ ತರಕಾರಿ. ಅವ್ವನಿಗೆ ಹೇಳಿದಾಗ, “ಅಂಗಾರೆ ಖಾರಕ್ಕೇನ್ ಆಕ್ತಾರೆ?” ಎಂದು ಕೇಳಿದಳು. ಪೇಮಾಳನ್ನೇ ವಿಚಾರಿಸಿದೆ. ಇನ್ನಷ್ಟು ಮೆಣಸಿನಕಾಯಿ ಎಂದಳು. ನಾನು ಮುದ್ದೆ ಒಯ್ದ ದಿನ ಆಕೆ ಅದನ್ನು ಚ್ಯೂಯಿಂಗ್ ಗಮ್ಮಿನಂತೆ ಬಹಳ ಹೊತ್ತು ಅಗಿದು, ಇದು ಯಾವಾಗ ಮುಗಿಯುತ್ತದೆ ಎಂದು ಕೇಳಿದಳು. ನುಂಗಬೇಕು ಎಂದು ಮೊದಲೇ ಹೇಳಲು ಮರೆತಿದ್ದೆ.

ಭೂತಾನಿನವರು ಮರ್ಯಾದೆಗೆ ಮಾತಿನ ಕೊನೆಯಲ್ಲಿ ‘ಲಾ’ ಸೇರಿಸುತ್ತಾರೆ. ದೊಡ್ಡ ಸಾಹೇಬರಿಗೂ ಲಾ, ಪೊಲೀಸರಿಗೂ ಲಾ. ನಮ್ಮ ಕಡೆ ಜೊತೆಗಾರರನ್ನು ಬಿಟ್ಟು ಬೇರೆಯವರಿಗೆ ಲಾ ಎಂದರೆ ಕಪಾಳ ಕಾಯ್ದುಕೊಳ್ಳಬೇಕು. ಮ್ಯಾನೇಜರಿಗೆ ಅದನ್ನು ಧೈರ್ಯವಾಗಿ ಹೇಳುವಷ್ಟರಲ್ಲಿ ಒಂದು ತಿಂಗಳೇ ಕಳೆಯಿತು.

ಭಾನುವಾರಗಳು ಮಾತ್ರ ಉದ್ದ. ಎರಡನೇ ತಿಂಗಳಲ್ಲಿ ಒಮ್ಮೆ ಶನಿವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ನಾನು ಒಂದು ಕನ್ನಡ ಶಬ್ದವನ್ನೂ ಬಾಯಿಬಿಟ್ಟು ಆಡಿರಲಿಲ್ಲ. ಊರಿನಲ್ಲಿ ಕರೆಂಟು ಹೋಗಿ ಅವ್ವನ ಫೋನು ಸತ್ತಿತ್ತು. ತೋರ್ಸಾ ನದಿಯ ದಂಡೆಗೆ ಹೋಗಿ ಕೂತೆ. ಬರೀ ಬಿಳಿ ಕಲ್ಲು, ನಡುವೆ ಅವಸರದ ನೀರು. ನಮ್ಮ ನರಸೀಪುರದಲ್ಲಿ ಕಪಿಲೆ ಬಂದು ಕಾವೇರಿಗೆ ಸೇರುವ ಕಡೆ ನೀರು ಎಷ್ಟು ನಿಧಾನವೆಂದರೆ ಯಾವುದು ಯಾರದು ಎಂದು ಕೇಳುವ ಹಾಗಿಲ್ಲ. ಇಲ್ಲಿನ ನೀರು ಗಡಿ ದಾಟುವ ಅವಸರದಲ್ಲಿತ್ತು. ಅದಕ್ಕೆ ಕನ್ನಡದಲ್ಲಿ ಎರಡು ಬೈದು, ಹಗುರಾಗಿ ಎದ್ದು ಬಂದೆ.

ಮೂರನೇ ತಿಂಗಳ ಕೊನೆಯ ವಾರ ಕಾರ್ಖಾನೆಯ ಆಫೀಸಿನಿಂದ ಕರೆ ಬಂತು. ಅಲ್ಲಿಯವರೆಗೆ ನನ್ನ ಸಂಬಳ ಲಕೋಟೆಯಲ್ಲಿ, ಕೈಗೆ. ಭೂತಾನಿನ ನೋಟಿಗೆ ನ್ಗುಲ್ಟ್ರಮ್ ಎನ್ನುತ್ತಾರೆ. ಒಂದಕ್ಕೆ ಒಂದು ರೂಪಾಯಿ. ಆಡಳಿತ ನೋಡುವ ಸಾಹೇಬರು ಹೇಳಿದರು: ನಿಮ್ಮನ್ನು ಖಾಯಂ ಮಾಡುತ್ತಿದ್ದೇವೆ. ಇನ್ನು ಮುಂದೆ ಸಂಬಳ ಬ್ಯಾಂಕಿಗೆ. ನಿಮಗೆ ಯಾವ ಖಾತೆ ಅನುಕೂಲವೋ ನೋಡಿ, ಶುಕ್ರವಾರ ಊಟದ ಹೊತ್ತಿಗೆ ನಂಬರು ಕೊಡಿ. ಆಮೇಲೆ ನಾನು ಕಾಗದ ತೆಗೆದುಕೊಂಡು ರಾಜಧಾನಿಗೆ ಹೊರಡುತ್ತೇನೆ. ಮನಸ್ಸಿಲ್ಲದಿದ್ದರೆ ಅದನ್ನೂ ಶುಕ್ರವಾರವೇ ಹೇಳಿ.

ಅದೇ ವಾರ ನಂಜನಗೂಡಿನ ಹಳೆಯ ಸೂಪರ್‌ವೈಸರ್ ಮೆಸೇಜು ಕಳಿಸಿದ್ದರು. ನನ್ನ ಜಾಗ ತಿಂಗಳ ಕೊನೆಯವರೆಗೆ ಖಾಲಿ ಇಟ್ಟಿದ್ದಾರಂತೆ, ಆಮೇಲೆ ಕಷ್ಟವಂತೆ. ಹೀಗಾಗಿ ಖಾತೆಯ ನಂಬರು ಬರೀ ನಂಬರಾಗಿ ಉಳಿಯಲಿಲ್ಲ. ಅದನ್ನು ಕೊಟ್ಟರೆ ಇಲ್ಲಿಯವಳಾಗುತ್ತೇನೆ, ಇಲ್ಲವಾದರೆ ಅವ್ವನ ಷರತ್ತಿನಂತೆ ಬಸ್ಸು ಹತ್ತುತ್ತೇನೆ.

ನನ್ನ ಅಭ್ಯಾಸದಂತೆ ಮೂರು ಗೆರೆ ಎಳೆದು ಕೂತೆ. ಒಂದು, ನರಸೀಪುರದ ಹಳೆ ಖಾತೆ. ಎಂಟನೇ ಕ್ಲಾಸಿನಲ್ಲಿ ಸ್ಕಾಲರ್‌ಶಿಪ್ಪಿಗೆಂದು ಮಾಡಿಸಿದ್ದು. ಅವ್ವನ ಹೆಸರು ಮೊದಲು, ನನ್ನದು ಆಮೇಲೆ. ಅವಳು ಸಹಿ ಕಲಿತದ್ದೇ ಅದಕ್ಕಾಗಿ. ಒಂದು ವಾರ ಸ್ಲೇಟಿನ ಮೇಲೆ ನಾನು ತಿದ್ದಿಸಿದ್ದೆ. ಆದರೆ ಕಂಪನಿ ನೇರವಾಗಿ ಅಲ್ಲಿಗೆ ಹಾಕಬೇಕಾದರೆ ತಿಂಗಳು ತಿಂಗಳೂ ಬೇರೆ ದೇಶಕ್ಕೆ ಹಣ ಕಳಿಸುವ ಕಾಗದಪತ್ರ. ಎರಡು, ಜೈಗಾಂವ್‌ನಲ್ಲಿ ಹೊಸ ಖಾತೆ. ಮನೆಗೆ ಹತ್ತಿರ, ಆದರೆ ಕಾಗದದ ಕಾಟ ಅದಕ್ಕೂ ಅಷ್ಟೇ. ಮೂರು, ಫುಂಟ್‌ಶೋಲಿಂಗ್‌ನ ಬ್ಯಾಂಕು. ಸಂಬಳ ಅದೇ ದಿನ ಬೀಳುತ್ತದೆ, ಊರಿಗೆ ಬೇಕಾದಷ್ಟನ್ನು ಅಲ್ಲಿಂದ ನಾನೇ ಕಳಿಸಬಹುದು. ಒಂದೇ ತೊಡಕೆಂದರೆ ಭೂತಾನಿನ ನೋಟಿಗೆ ಜೈಗಾಂವ್ ದಾಟಿದರೆ ಬೆಲೆಯಿಲ್ಲ. ಒಮ್ಮೆ ಹಾಸಿಮಾರಾ ರೈಲು ನಿಲ್ದಾಣದಲ್ಲಿ ಚಹಾದವನಿಗೆ ಕೊಟ್ಟಿದ್ದೆ. ಅದರ ಮೇಲಿನ ರಾಜನನ್ನು ಅವನು ಚೆನ್ನಾಗಿ ನೋಡಿ, ಚೆನ್ನಾಗಿದ್ದಾರೆ ಎಂದು ಹೊಗಳಿ, ನನಗೇ ವಾಪಸ್ ಕೊಟ್ಟ.

ಲೆಕ್ಕ ಮೂರನೆಯದರ ಕಡೆಗೇ ವಾಲುತ್ತಿತ್ತು. ಅವ್ವನನ್ನು ಯಾವ ಗೆರೆಯ ಕೆಳಗೆ ಬರೆಯಬೇಕೋ ತಿಳಿಯಲಿಲ್ಲ.

ಗುರುವಾರ ಸಂಜೆ ಫೋನು ಮಾಡಿದೆ. ಹಾಲು ಕರೆಯುವ ಹೊತ್ತು. ಹಿಂದೆ ತಂಬಿಗೆಗೆ ಹಾಲು ಬೀಳುವ ಸದ್ದು ಕೇಳುತ್ತಿತ್ತು. ಖಾಯಂ ಆದದ್ದು, ಬ್ಯಾಂಕಿನ ವಿಷಯ, ಶುಕ್ರವಾರದ ಗಡುವು, ಎಲ್ಲ ಹೇಳಿದೆ. ಇಲ್ಲೇ ಇರಬೇಕು ಅನ್ನಿಸುತ್ತಿದೆ ಎಂದೂ ಹೇಳಿದೆ. ಲ್ಯಾಬಿನ ಬಾಗಿಲಿಗೆ ಹಾಕಿದ ಬೋರ್ಡಿನಲ್ಲಿ ಬರೀ ನನ್ನ ಹೆಸರೇ ಇದೆ ಎಂದೆ. ಹಾಲಿನ ಸದ್ದು ನಿಂತಿತು.

“ನಮ್ ಖಾತೆ ಮುಚ್ಬುಡ್ತೀಯಾ?” ಎಂದಳು.

ಇಲ್ಲವ್ವ, ಅದು ಇದ್ದೇ ಇರುತ್ತದೆ, ಪ್ರತಿ ತಿಂಗಳು ಅದಕ್ಕೂ ಕಳಿಸುತ್ತೇನೆ ಎಂದೆ. ಅವಳು ಹಸು ಕಾಲೆತ್ತುತ್ತಿದೆ ಎಂದು ಫೋನಿಟ್ಟಳು. ನಮ್ಮ ಮನೆಯ ಆ ಹಸು ಹುಟ್ಟಿದಾಗಿನಿಂದ ಒಮ್ಮೆಯೂ ಕಾಲೆತ್ತಿದ್ದಿಲ್ಲ.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಫುಂಟ್‌ಶೋಲಿಂಗ್‌ನ ಬ್ಯಾಂಕಿಗೆ ಹೋದೆ. ಜೊತೆಗೆ ಪೇಮಾ. ಅವ್ವ ಬೇಡ ಎಂದರೆ ಎದ್ದು ಬರುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿದ್ದೆ. ಟೋಕನ್ನು ಬಂತು. ಕೌಂಟರಿನಲ್ಲಿ ಕಿರಾ ಉಟ್ಟ ಅಧಿಕಾರಿ, ನಡುವಯಸ್ಸಿನವರು. ಕಿರಾ ಎಂದರೆ ಇಲ್ಲಿನ ಹೆಂಗಸರು ಕಾಲಿನವರೆಗೆ ಉಡುವ ನೇಯ್ಗೆಯ ಬಟ್ಟೆ. ಪಾಸು, ಫೋಟೊ, ಕಂಪನಿಯ ಪತ್ರ ನೋಡಿ, ಸಹಿ ಹಾಕುವ ಜಾಗ ತೋರಿಸಿದರು. ಪೆನ್ನಿನ ಮುಚ್ಚಳ ತೆಗೆಯುವಾಗ ಫೋನು ಹೊಡೆದುಕೊಂಡಿತು. ಅವ್ವ.

“ಎಲ್ಲಿದ್ದೀಯೆ?”

“ಬ್ಯಾಂಕಲ್ಲಿ.”

“ಸೈನ್ ಆಕ್ಬುಟ್ಯಾ?”

“ಇನ್ನೂ ಇಲ್ಲ.”

“ಆಕ್ಬೇಡ.”

ನನ್ನ ಕೈ ಅಲ್ಲೇ ನಿಂತಿತು. ಬಾಗಿಲ ಮೇಲಿನ ಬೋರ್ಡು, ಬೇಸಿನ್ನು, ಕಿಟಕಿಯ ಮೇಜು ಎಲ್ಲ ಕಣ್ಣ ಮುಂದೆ ಹಾದುಹೋದವು. ಸರಿ ಅವ್ವ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮಾತು ಮುಂದುವರಿಸಿದಳು.

“ಇವತ್ತು ಸುಕ್ರವಾರ. ಅತ್ತೂವರೆಗೆ ರಾವುಕಾಲ ಉಟ್ತದೆ. ಈಗ ಗಂಟೆ ಎಷ್ಟು? ಅತ್ತೂಕಾಲಾ? ಅಂಗಾರೆ ಬಿರ್‌ಬಿರ್ನೆ ಆಕು. ಅಂತಾ ಒಳ್ಳೆ ಕೆಲ್ಸವ ರಾವುಕಾಲ್ದಲ್ ಮಾಡ್ಬಾರ್ದು.”

ಒಳ್ಳೆ ಕೆಲಸ ಎಂದಳು. ಅದು ಕಿವಿಗೆ ಬಿದ್ದ ಮೇಲೆ ಇನ್ನೇನೂ ಬೇಡವಾಗಿತ್ತು. ಸೈನ್ ಹಾಕಿ ಮುಗಿಸಬಹುದಿತ್ತು. ಆದರೆ ಎಲ್ಲವನ್ನೂ ಸರಿಯಾಗಿ ಹೇಳಬೇಕೆಂಬ ನನ್ನ ಚಾಳಿ ಅಲ್ಲೂ ಬಿಡಲಿಲ್ಲ. “ನನ್ನ ವಾಚಲ್ಲಿ ಹತ್ತೂ ಕಾಲು ಅವ್ವ. ಇಲ್ಲಿಯ ಗಡಿಯಾರದಲ್ಲಿ ಆಗಲೇ ಹತ್ತೂ ಮುಕ್ಕಾಲು” ಎಂದುಬಿಟ್ಟೆ.

 ಅವಳು ಫೋನು ಕೆಳಗಿಳಿಸಿ ಅಪ್ಪನನ್ನು ಕೂಗಿದ್ದು ಕೇಳಿಸಿತು. ಅಪ್ಪ, ರಾಹು ಅಲ್ಲೂ ಇಲ್ಲೂ ಒಬ್ಬನೇ, ಅವನು ನಮ್ಮ ಟೈಮಿಗೇ ಬರುತ್ತಾನೆ ಎಂದ. ಅವ್ವ ಒಪ್ಪಲಿಲ್ಲ. ಮಗಳು ಕೂತಿರುವ ಜಾಗದ ಗಂಟೆ ತಾನೆ ಲೆಕ್ಕ ಎಂದಳು. ಹಾಗಾದರೆ ರಾಹು ಗೇಟಿನಲ್ಲಿ ಪಾಸು ತೋರಿಸಿ ಹೋಗುತ್ತಾನಾ ಎಂದು ಅಪ್ಪ. ನಿಮಗೆ ಎಲ್ಲ ತಮಾಷೆ ಎಂದು ಅವ್ವ. ಸೋಸಲೆಯ ಜಗಲಿಯ ಜಗಳ ಭೂತಾನಿನ ಬ್ಯಾಂಕಿನಲ್ಲಿ ಕೇಳುತ್ತ ನಾನು ಪೆನ್ನು ಹಿಡಿದು ನಿಂತಿದ್ದೆ. ನನ್ನ ಹಿಂದೆ ಟೋಕನ್ನು ಹಿಡಿದ ಮೂವರು ನಿಂತಿದ್ದರು.

ಕೊನೆಗೆ ತೀರ್ಪು ಬಂತು. “ಎರಡೂ ಕಡೇದು ಕಳೀಲಿ. ಯಾವ್ದುನ್ನೂ ಎದ್ರಾಕ್ಕಳದು ಬ್ಯಾಡ.”

ಅಂದರೆ ನಮ್ಮ ಹನ್ನೆರಡರವರೆಗೆ, ಇಲ್ಲಿಯ ಹನ್ನೆರಡೂವರೆಯವರೆಗೆ ಕಾಯಬೇಕು. ಒಂದು ಗಂಟೆಗೆ ಕೌಂಟರು ಊಟಕ್ಕೆ ಮುಚ್ಚುತ್ತದೆ, ಅದೇ ಹೊತ್ತಿಗೆ ಸಾಹೇಬರ ಕಾರು ಹೊರಡುತ್ತದೆ. ನಡುವೆ ನನಗೆ ಸಿಗುವುದು ಅರ್ಧ ಗಂಟೆ. ಎಲ್ಲವನ್ನೂ ಸುಮ್ಮನೆ ನೋಡುತ್ತಿದ್ದ ಅಧಿಕಾರಿಗೆ ಪೇಮಾ ಅವರ ಭಾಷೆಯಲ್ಲಿ ಏನೋ ವಿವರಿಸಿದಳು.  ಅವರು ನಗಲಿಲ್ಲ. ನನ್ನ ಅರ್ಜಿಯನ್ನು ಪಕ್ಕಕ್ಕಿಟ್ಟು ಮೇಲೊಂದು ಸ್ಟೇಪ್ಲರ್ ಇಟ್ಟರು.

“ನಮ್ಮಮ್ಮ ಪಂಚಾಂಗ ನೋಡದೆ ತಲೆಗೂ ನೀರು ಹಾಕಿಕೊಳ್ಳೋದಿಲ್ಲ” ಎಂದರು ಹಿಂದಿಯಲ್ಲಿ. “ಕೂತ್ಕೊಳ್ಳಿ. ನಿಮ್ಮ ರಾಹು ನಮ್ಮ ಗೋಡೆ ಮೇಲೂ ಇದ್ದಾನೆ.”

ನಿಜವಾಗಿಯೂ ಇದ್ದಾನಂತೆ. ಪೇಮಾ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು, ಆಕೆಯ ಅಜ್ಜಿಯ ಊರಿನ ಗೊಂಪದ ಗೋಡೆಯದು. ಗೊಂಪ ಎಂದರೆ ಬೌದ್ಧ ಗುಡಿ. ಕೆಳಗೆ ಹಾವಿನ ಬಾಲ, ಮೇಲೆ ಒಂದರ ಮೇಲೊಂದು ತಲೆ, ಮೈತುಂಬ ಕಣ್ಣು. ನಮ್ಮ ನವಗ್ರಹದ ಗುಡಿಯಲ್ಲಿ ಎಣ್ಣೆ ಮೆತ್ತಿಕೊಂಡು ಕರ್ರಗೆ ಕೂತಿರುವ ಪುಟ್ಟ ರಾಹುವಿಗೆ ಇಷ್ಟು ವೈಭವವಿದೆ ಎಂದು ನನಗೆ ಗೊತ್ತಿರಲಿಲ್ಲ. ಅವನ ಅಷ್ಟೊಂದು ಕಣ್ಣು ನೋಡಿ, ಅಪ್ಪ ಹೇಳಿದ್ದೇ ಸರಿಯೇನೋ, ಪಾಸಿಲ್ಲದೆ ಎರಡೂ ಕಡೆ ನೋಡಬಲ್ಲ ಎನ್ನಿಸಿತು. ಪೇಮಾ ಕಾರಿಡಾರಿನ ಬೆಂಚಿನಲ್ಲಿ ಕೂತು, ನಿಮ್ಮ ದೆವ್ವ ಸರಕಾರಿ ನೌಕರನ ಹಾಗೆ ಗಂಟೆ ನೋಡಿ ಬಂದು ಗಂಟೆ ನೋಡಿ ಹೋಗುತ್ತದಲ್ಲ ಎಂದು ಛೇಡಿಸುತ್ತಿದ್ದಳು. ಆಕೆಗೆ ನಾನು ಕಲಿಸಿದ ಕನ್ನಡ ಮಾತು ಒಂದೇ. ಅದನ್ನು ಆಗಾಗ ಅನ್ನುತ್ತಿದ್ದಳು: “ಬಿಡು ಮತ್ತೆ.”

ಹನ್ನೆರಡೂವರೆ ದಾಟಿದ ಮೇಲೆ ಅಧಿಕಾರಿ ತಾವಾಗಿಯೇ ಗಡಿಯಾರ ನೋಡಿ ನನ್ನನ್ನು ಕರೆದರು. ಸೈನ್ ಹಾಕಿದೆ. ನಾಮಿನಿ ಎಂಬಲ್ಲಿ ಅವ್ವನ ಹೆಸರು ಬರೆದೆ. ಖಾತೆಯ ನಂಬರಿನ ಚೀಟಿ ಕೈಗೆ ಬಂದಾಗ ಒಂದಾಗಲು ಇನ್ನೂ ಹತ್ತು ನಿಮಿಷವಿತ್ತು. ಪೇಮಾ ಅದರ ಫೋಟೊ ತೆಗೆದು ಸಾಹೇಬರಿಗೆ ಕಳಿಸಿದಳು. ಒಂದು ಹೆಬ್ಬೆರಳಿನ ಚಿತ್ರ ತಿರುಗಿ ಬಂತು. ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತೇ ಅವ್ವನಿಗೆ ಹೇಳಿದೆ.

“ಅಲ್ಲಿ ನನ್ನೆಸ್ರು ಎಲ್ಲದೆ?” ಅವಳ ಮೊದಲ ಪ್ರಶ್ನೆ.

“ಇದೆ ಅವ್ವ. ನಾಮಿನಿ ಅಂತ.”

“ಅಂಗಂದ್ರೆ?”

“ನನಗೆ ಏನಾದ್ರೂ ಆದ್ರೆ ಅದು ನಿನಗೆ.”

“ಬಿಡ್ತು ಅನ್ನು,” ಎಂದಳು ಅವ್ವ. “ಒಳ್ಳೆ ಗಳಿಗೇಲಿ ಎಂತಾ ಮಾತಾಡಿಯೆ. ಬಿಡ್ತು ಅನ್ನು ಮೊದ್ಲು.”

ಭೂತಾನಿನ ಬೀದಿಯಲ್ಲಿ ನಿಂತು ಗಟ್ಟಿಯಾಗಿ ಬಿಡ್ತು ಎಂದೆ. ಪೇಮಾ ಅದೂ ತನಗೆ ಗೊತ್ತಿರುವ ಮಾತೇ ಎಂದು ತಿಳಿದು, “ಬಿಡು ಮತ್ತೆ” ಎಂದು ದನಿಗೂಡಿಸಿದಳು. ಅವ್ವ ಅದು ಯಾರು ಎಂದು ಕೇಳಿದಳು. ಅಂದು ಇಬ್ಬರೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಬಹಳ ಹೊತ್ತು ಮಾತಾಡಿದರು.

ಇದೆಲ್ಲ ನಡೆದು ಈಗ ಐದು ತಿಂಗಳು. ಹೊಸ ಒಲೆ ಕೊಂಡಿದ್ದೇನೆ, ಮಂಚವೂ ಬಂದಿದೆ. ನರಸೀಪುರದ ಖಾತೆಯಲ್ಲಿ ಅವ್ವನ ಹೆಸರು ಇವತ್ತಿಗೂ ಮೊದಲು, ನನ್ನದು ಆಮೇಲೆ. ಕೈಯ ವಾಚು ಸೋಸಲೆಯ ಹೊತ್ತು ತೋರಿಸುತ್ತದೆ, ಲ್ಯಾಬಿನ ಗೋಡೆಯದು ಇಲ್ಲಿಯದು. ಹಬ್ಬಕ್ಕೆ ಊರಿಗೆ ಹೋದಾಗ ಏಳೂವರೆಗೇ ಎಂಟಾಯಿತು ಎಂದು ಎದ್ದು ನಿಂತು ಅಪ್ಪನನ್ನು ನಗಿಸಿದೆ. ಇಲ್ಲಿಗೆ ವಾಪಸ್ ಬಂದ ಮೇಲೆ ಮತ್ತೆ ಒಂದು ದಿನ ವ್ಯಾನು ತಪ್ಪಿಸಿಕೊಂಡೆ.

ಶುಕ್ರವಾರಗಳು ಮಾತ್ರ ಬದಲಾಗಿವೆ. ಭೂತಾನಿನ ಹತ್ತೂವರೆ ನಮ್ಮ ಹತ್ತು ಗಂಟೆಗೇ ಬರುತ್ತದೆ. ನಮ್ಮ ಹನ್ನೆರಡು ಆಮೇಲೆ ಕಳೆಯುತ್ತದೆ. ಲೋಕಕ್ಕೆಲ್ಲ ಒಂದೂವರೆ ಗಂಟೆಯ ರಾಹುಕಾಲ ನನಗೊಬ್ಬಳಿಗೆ ಎರಡು ಗಂಟೆ. ಮೊನ್ನೆ ರಜೆಯ ಶುಕ್ರವಾರ ಹೊಸ ಚಪ್ಪಲಿ ಕೊಳ್ಳಲು ಹೊರಟವಳು ಸುಮ್ಮನೆ ಬಾಯಿತಪ್ಪಿ ಅವ್ವನಿಗೆ ಹೇಳಿದೆ. “ನೀನು ಎರಡೂರೋಳು ಕಣವ್ವ, ನಿಂಗೆ ಎರಡೂ ತಾಕ್ತವೆ” ಎಂದಳು. ಗೇಟಿನ ಈಚೆಯ ಅಂಗಡಿಯಲ್ಲಿ ಒಂದು ತಟ್ಟೆ ಮೋಮೊ ತರಿಸಿಕೊಂಡು ಕೂತೆ. ಎರಡು ರಾಹುಗಳೂ ಎದ್ದು ಹೋಗಲಿ ಎಂದು ನಿಧಾನವಾಗಿ ತಿಂದೆ.